ಬಾಣಂತಿಗೆಂದು ಎತ್ತಿಟ್ಟ ತೌಡು

ಗಂಟು ರೋಗಕ್ಕೆ ಎರಡೂ ಹಸು ಹೋದ ಮೇಲೆ ನಾವು ಕೊಟ್ಟಿಗೆಯಲ್ಲಿ ಹಂದಿ ಸಾಕಿದೆವು. ಅಂದಿನಿಂದ ನನ್ನ ಅತ್ತೆ ಆ ಕಡೆ ತಲೆಹಾಕಿಯೂ ಮಲಗಲಿಲ್ಲ. ಹಿತ್ತಲಿಗೆ ಹೋಗುವಾಗ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಅಸ ಕಟ್ತಿದ್ದ ಜಾಗ ಕಣವ್ವ ಅದು" ಅನ್ನುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಗಲೀಜು ಬಾಚುವವಳು ನಾನು, ಮೂಗು ಮುಚ್ಚುವವರು ಅವರು!

ಹ್ಯಾಂಡ್‌ಪೋಸ್ಟ್ ಕಡೆಯ ರೈಸ್ ಮಿಲ್ಲಿನಿಂದ ವಾರವಾರ ತೌಡು ತರುತ್ತಿದ್ದೆ. ಅಕ್ಕಿ ತೌಡಿನಲ್ಲಿ ಎಣ್ಣೆ ಪಸೆ ಜಾಸ್ತಿ, ಮಳೆಗಾಲದಲ್ಲಿ ಬೇಗ ಮುಗ್ಗುತ್ತದೆ. ಅದಕ್ಕೇ ಕಲಸುವ ಮುಂಚೆ ಚಿಟಿಕೆ ತೌಡು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದೆ. ಹೊಸದಾದರೆ ಸಿಹಿ, ಕೆಟ್ಟಿದ್ದರೆ ಕಹಿ.

ಹೆಣ್ಣುಹಂದಿ ಮೊದಲ ಸಲ ಗಬ್ಬವಾದಾಗ ಅತ್ತೆ ಕೊಟ್ಟಿಗೆ ಬಾಗಿಲಲ್ಲಿ ನಿಲ್ಲತೊಡಗಿದರು. ಸೆರಗು ಮೂಗಿನಿಂದ ಇಳಿದಿತ್ತು. ಒಂದು ಸಂಜೆ, "ಕೆಚ್ಚಲು ತುಂಬ್ಕೊಂಡದೆ, ನಾಳೆ ಈಯ್ತದೆ ನೋಡು" ಅಂದರು. ಹಾಗೇ ಆಯಿತು.

ಮರಿ ಹಾಕಿದ ದಿನ ನಾನು ಮಿಲ್ಲಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಹಂದಿಯ ಪಕ್ಕದಲ್ಲೇ ಕೂತಿದ್ದರು. ಬೆಲ್ಲ, ಶುಂಠಿ ಹಾಕಿದ ಬಿಸಿ ತೌಡಿನ ಗಂಜಿ. ಈದ ಹಸುವಿಗೆ ಮಾಡುವ ಬಾಣಂತನವೇ. ಹಂದಿ ಬಾಂಡ್ಲಿ ನೆಕ್ಕುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

"ತೌಡು ಮುಗಿದಿತ್ತಲ್ಲ ಅತ್ತೆ?"

"ಗಬ್ಬ ಆದಾಗ್ಲೇ ಬಾಣಂತಿಗೆ ಅಂತ ರಾಗಿ ಡ್ರಮ್ಮಲ್ಲಿ ಎತ್ತಿಟ್ಟಿದ್ದೆ ಕಣವ್ವ."

ಹಸು ಗಬ್ಬವಾದೊಡನೆ ಅದರ ಬಾಣಂತನಕ್ಕೆ ಹುರುಳಿ ಎತ್ತಿಡುವುದು ಅವರ ತವರಿನ ರೂಢಿ. ಹುರುಳಿ ಕೆಡುವುದಿಲ್ಲ. ನಾನು ಬಾಂಡ್ಲಿಯ ಅಂಚಿಗೆ ಬೆರಳಾಡಿಸಿ ನಾಲಗೆಗೆ ಇಟ್ಟುಕೊಂಡೆ. ಬೆಲ್ಲದ ಹಿಂದೆಯೇ ಕಹಿ ಬಂತು. ಬಾಂಡ್ಲಿ ಖಾಲಿಯಾಗಿತ್ತು.

ಹಂದಿ ಮಲಗಿಬಿಟ್ಟಿತು, ಹಾಲು ಬತ್ತಿತು. ಪಕ್ಕದ ಮನೆಯ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿದೆವು. ಆದರೂ ಮರಿಗಳು ಒಂದೊಂದಾಗಿ ಹೋದವು. ತೌಡಿಗೆ ಬೂಷ್ಟು ಹಿಡಿದಿತ್ತೆಂದು, ನೋಡಲು ಬಂದ ದನದ ಡಾಕ್ಟರು ಹೇಳುವಾಗ ಅತ್ತೆ ಅಲ್ಲೇ ಇದ್ದರು. ಬೈಯಬೇಕೆಂದು ನನ್ನ ಬಾಯಿಗೆ ಬಂದದ್ದೆಲ್ಲ ಅವರ ಮುಖ ನೋಡಿ ಒಳಗೇ ಉಳಿಯಿತು.

"ನಾನೇ ಕೈಯಾರೆ ಉಣ್ಸುದ್ನಲ್ಲವ್ವ" ಅಂದರು, ಅಷ್ಟೇ.

ತಾಯಿಹಂದಿ ಉಳಿಯಿತು. ಅತ್ತೆ ಈಗ ಮತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಹಿತ್ತಲಿಗೆ ಹೋಗುತ್ತಾರೆ. ಅವರ ದನಿ ಕೇಳಿದರೆ ಸಾಕು, ಹಂದಿ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತದೆ.