ಕೆನ್ನೆ ಮೇಷ್ಟ್ರು

ಲೆಕ್ಕದ ಮೇಷ್ಟ್ರನ್ನು ಮಕ್ಕಳು ಮರೆಯಲ್ಲಿ ಕರೆಯುವುದು ಕೆನ್ನೆ ಮೇಷ್ಟ್ರು ಎಂದೇ. ಮಗ್ಗಿ ತಪ್ಪಿದರೂ ಸರಿ, ಕಿಟಕಿಯಾಚೆ ನೋಡಿದರೂ ಸರಿ, ಅವರದು ಒಂದೇ ಗುಡುಗು: “ಕೆನ್ನೆ ಕೆಂಪಗಾಗುತ್ತೆ, ಹುಷಾರ್!” ಗುಡುಗಿದ ಮೇಲೆ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡುಬಿಡುತ್ತಾರೆ, ಇಷ್ಟು ವರ್ಷದಲ್ಲಿ ಅವರಿಂದ ಏಟು ತಿಂದದ್ದು ಮೇಜು ಮಾತ್ರ. ಹಾಗಿರುವಾಗ ಒಂದು ಸೋಮವಾರ ಅರ್ಧ ತರಗತಿ ಕೆಂಪು ಕೆನ್ನೆ ಹೊತ್ತು ಬಂತು, ಹಿಂದೆಯೇ ಅಪ್ಪ ಅಮ್ಮಂದಿರು ಜಗಳಕ್ಕೆ ಬಂದರು. ಮೇಷ್ಟ್ರು ತಮ್ಮ ಅಂಗೈಯನ್ನೇ ತಿರುವಿ ತಿರುವಿ ನೋಡಿಕೊಂಡರು. ಶಾಲೆಗೆ ಕರೆಸಿದ ಡಾಕ್ಟರಮ್ಮ, “ಇದು ಏಟಲ್ಲ, ಪಾರ್ವೊ ಅನ್ನೋ ಪುಟಾಣಿ ವೈರಸ್ಸು. ಒಂದೆಳೆ ಡಿಎನ್‌ಎ, ಅಷ್ಟೇ ಅದರ ಆಸ್ತಿ. ಬಾರಿಸಿದ ಹಾಗೇ ಕಾಣುತ್ತೆ, ತಾನಾಗೇ ಹೋಗುತ್ತೆ,” ಎಂದರು. ಬಂದವರು ಕೈಮುಗಿದು ಹೋದರು. ಮೇಷ್ಟ್ರಿಗೆ ಮಾತ್ರ ತಲೆಬುಡ ಅರ್ಥವಾಗಲಿಲ್ಲ: ಅಷ್ಟು ಸಣ್ಣದಕ್ಕೆ ತಮ್ಮ ಮಾತು ಕೇಳಿಸಿದ್ದಾದರೂ ಹೇಗೆ? ಮನೆಗೆ ಬಂದು ಕನ್ನಡಿಯೆದುರು ನಾಲಿಗೆ ಚಾಚಿ ಮಚ್ಚೆ ಹುಡುಕಿದರು. ಮಚ್ಚೆಯಿರುವ ನಾಲಿಗೆ ಆಡಿದ್ದೆಲ್ಲ ನಡೆಯುತ್ತದಂತಲ್ಲ. “ಏನ್ರೀ ಅದು?” ಎಂದರು ಹೆಂಡತಿ. “ಏನೂ ಇಲ್ಲ ಕಣೆ,” ಎಂದರು, ಇಲ್ಲ ಎನ್ನುವುದನ್ನೂ ನಂಬಲಾರದೆ. ಈಗಲೂ ಮಗ್ಗಿ ತಪ್ಪಿದರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗುಡುಗುತ್ತಾರೆ: “ಲೇ, ನೂರು ವರ್ಷ ಬದುಕ್ತೀಯ, ಹುಷಾರ್!”