ಮೀನಿಲ್ಲದ ಗಾಜಿನ ತೊಟ್ಟಿ

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಒಂದು ದಿನವೂ ಮೀನು ಇರಲಿಲ್ಲ. ನಮ್ಮದು ಜೈನರ ಮನೆ. ಜೀವವೊಂದನ್ನು ಗಾಜಿನೊಳಗೆ ಕೂಡಿಹಾಕಿ ಚೆಂದ ನೋಡುವುದಕ್ಕೆ ಇಲ್ಲಿ ಯಾರೂ ಒಪ್ಪುವುದಿಲ್ಲ. ನಮ್ಮೂರು ಅಕ್ಕೋಳದಿಂದ ನಿಪ್ಪಾಣಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಸಸ್ಯಶಾಸ್ತ್ರ ಓದುತ್ತಿದ್ದ ನಮ್ಮ ಒಬ್ಬಳೇ ಮಗಳು, ಮೀನು ಬೇಡ, ನೀರೊಳಗಿನ ಗಿಡಗಳನ್ನಷ್ಟೇ ಬೆಳೆಸುತ್ತೇನೆ ಎಂದು ಹಟ ಹಿಡಿದು ಕೊಲ್ಲಾಪುರದಿಂದ ಅದನ್ನು ತರಿಸಿಕೊಂಡಿದ್ದಳು. ಓಣಿಯ ಹೆಂಗಸರಿಗೆ ಅದೊಂದು ತಮಾಷೆ. “ನೀರ ಐತಿ, ಗಿಡಾ ಅದಾವ, ಮೀನ ಎಲ್ಲಿ ಹೋಗ್ಯಾವ್ರಿ ವೈನಿ?” ಎಂದು ಬಂದವರೆಲ್ಲ ಕೇಳುವರು. “ರಾಯಬಾಗಕ್ಕ ಸಂತಿಗಿ ಹೋಗ್ಯಾವ, ಸಂಜೀಕ ಬರ್ತಾವ” ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಹಳೆಯ ಮಣ್ಣಿನ ಗೋಡೆಯ ಮನೆ. ನಡುಮನೆಗೆ ಮಾಳಿಗೆಯ ಬೆಳಕಿಂಡಿಯೊಂದೇ ಬೆಳಕಿನ ದಾರಿ. ಅಲ್ಲಿ ಗಿಡ ಬದುಕೀತೇ ಎಂದು ನಾನು ಮೂಗು ಮುರಿದಿದ್ದೆ. ಅವಳು ಕಡಿಮೆ ಬೆಳಕಿಗೆ ಒಗ್ಗುವ ಜಾತಿಗಳನ್ನೇ ಹುಡುಕಿ ತಂದಳು. ಕಲ್ಲಿಗೆ ದಾರ ಸುತ್ತಿ ಕಟ್ಟಿದ ಜಾವಾ ಫರ್ನ್, ದಪ್ಪ ಎಲೆಯ ಅನೂಬಿಯಾಸ್. ಇವುಗಳ ಗಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂಳಬಾರದು, ಕೊಳೆಯುತ್ತದೆ ಎಂದು ನನಗೂ ಕಲಿಸಿದಳು. ಮೇಲೊಂದು ಸಣ್ಣ ಎಲ್‌ಇಡಿ ದೀಪ, ನೀರು ನಿಲ್ಲದ ಹಾಗೆ ತಿರುಗಿಸುವ ಪುಟ್ಟ ಪಂಪು. ಒಂದು ಎಲೆ ಮೂಡಬೇಕಾದರೆ ವಾರಗಟ್ಟಲೆ ಕಾಯಬೇಕು. ಹೊಸ ಎಲೆ ಬಿಚ್ಚಿದ ದಿನ ಅಡುಗೆಮನೆಗೆ ಓಡಿ ಬಂದು ನನ್ನ ಕೈ ಹಿಡಿದು ಎಳೆಯುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತು. ಬೈಯುತ್ತಲೇ ಹೋಗುತ್ತಿದ್ದೆ. ನಾನು ನೋಡುತ್ತಿದ್ದುದು ಅವಳ ಮುಖವನ್ನು, ಎಲೆಯನ್ನಲ್ಲ.

ಕೆಡಿಸಿದ್ದು ನಮ್ಮ ಯಜಮಾನರು, ಅದೂ ಪ್ರೀತಿಯಿಂದಲೇ. ಕಬ್ಬು ಬೆಳೆಯುವ ಮನುಷ್ಯ. ಬಡಕಲು ಗಿಡ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. “ಹೊಟ್ಟಿಗಿ ಇಲ್ಲದ ಹೆಂಗ ಸೊರಗ್ಯಾವ ನೋಡ ಪಾಪ” ಎನ್ನುತ್ತ ಹೊಲಕ್ಕೆ ತಂದಿದ್ದ ಯೂರಿಯಾವನ್ನು ಒಂದು ಹಿಡಿ ತೊಟ್ಟಿಗೆ ಚೆಲ್ಲಿಬಿಟ್ಟರು. ಎಲೆಗಳು ಬೇಗ ಬರಲೆಂದು ದೀಪವನ್ನೂ ಬೆಳಗಿನಿಂದ ಮಲಗುವವರೆಗೆ ಉರಿಸಿದರು. ಗಿಡಗಳು ಇದ್ದಷ್ಟೇ ಇದ್ದವು. ಪಾಚಿ ಬಂತು. ಮೊದಲು ಗಾಜಿನ ಮೇಲೆ ತೆಳ್ಳಗೆ ಹಸಿರು, ಆಮೇಲೆ ಎಲೆಯಂಚಿಗೆಲ್ಲ ಕೂದಲಿನಂತೆ ಎಳೆ ಎಳೆ.

ನಾನು ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ತಿಕ್ಕಲು ಹೋದೆ. ಮಗಳು ನನ್ನ ಮಣಿಕಟ್ಟು ಹಿಡಿದಳು.

“ಬ್ಯಾಡವ್ವಾ. ಪಾಚಿಯೊಳಗ ಅನಂತ ಜೀವ ಅದಾವ. ತಿಕ್ಕಿದ್ರ ಎಲ್ಲಾ ಸಾಯ್ತಾವ.”

ಇದು ಶಾಸ್ತ್ರದ ಮಾತು, ನಾನೂ ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಬಚ್ಚಲು ತಿಕ್ಕುವಾಗ ಯಾರು ನೆನೆಯುತ್ತಾರೆ? ಆ ಮಳೆಗಾಲ ನಮ್ಮೂರ ಬಸದಿಯಲ್ಲಿ ಮಾತಾಜಿಯವರ ಸಂಘವೊಂದು ಚಾತುರ್ಮಾಸಕ್ಕೆ ನಿಂತಿತ್ತು. ನಮ್ಮಲ್ಲಿ ಸನ್ಯಾಸಿನಿಯರನ್ನು ಮಾತಾಜಿ ಎನ್ನುತ್ತೇವೆ. ಇವಳು ದಿನವೂ ಪ್ರವಚನಕ್ಕೆ ಹೋಗುತ್ತಿದ್ದಳು. ಕಾಲೇಜು ಮುಗಿದಿದೆ, ಹೊತ್ತು ಹೋಗಬೇಕಲ್ಲ ಎಂದುಕೊಂಡಿದ್ದೆ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಬಿಟ್ಟಳು. ಆಮೇಲೆ ಸಿಹಿ ಬಿಟ್ಟಳು. ನನಗೆ ಆಗಲೂ ಹೊಳೆಯಲಿಲ್ಲ.

ತೊಟ್ಟಿಯ ನೀರನ್ನಾದರೂ ಬದಲಿಸೋಣ ಎಂದರೆ ಅದಕ್ಕೂ ಅವಳ ಕಟ್ಟಳೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುವುದು ನಮ್ಮ ರೂಢಿ. ಅವಳು ಅದನ್ನೇ ತೊಟ್ಟಿಗೂ ತಂದಳು. ಹೊರಹಾಕುವ ನೀರನ್ನು ಸೋಸಿ, ಆ ಬಟ್ಟೆಯನ್ನು ತೊಟ್ಟಿಯಲ್ಲೇ ಜಾಲಾಡಿಸುವಳು. ಬಂದ ಪಾಚಿಯೆಲ್ಲ ಮರ್ಯಾದೆಯಿಂದ ಮನೆಗೆ ಮರಳುತ್ತಿತ್ತು. “ಆರತಿನೂ ಎತ್ತಿ ಒಳಗ ಕರಕೋ” ಎಂದೆ. ನಕ್ಕಳು. ನಕ್ಕು, ಬಟ್ಟೆ ಹಿಂಡುತ್ತ ಮೆಲ್ಲಗೆ ಅಂದಳು:

“ಸಂಸಾರದಾಗ ಇದ್ರ ಹಿಂಸಾ ತಪ್ಪೂದಿಲ್ಲವ್ವಾ. ನಾಕ ಗಿಡಾ ಇಟ್ಕೊಂಡ್ರೂ ತಪ್ಪಲಿಲ್ಲ ನೋಡ.”

ಇವಳು ಮನೆ ಬಿಟ್ಟು ದೀಕ್ಷೆ ತೆಗೆದುಕೊಳ್ಳಲು ಹೊರಟಿದ್ದಾಳೆ ಎಂಬುದು ಆ ಒಂದು ಮಾತಿನಲ್ಲಿ ಗೊತ್ತಾಗಿಹೋಯಿತು.

ನಾನು ವಾದ ಮಾಡಲಿಲ್ಲ. ವಾದಕ್ಕೆ ನಿಂತರೆ ಅವಳ ಹತ್ತಿರ ಶಾಸ್ತ್ರವಿತ್ತು, ನನ್ನ ಹತ್ತಿರ ಏನಿತ್ತು? ನನಗೆ ತೊಟ್ಟಿಯೊಂದೇ ದಾರಿಯಾಗಿ ಕಂಡಿತು. ಯಾವ ಜೀವವನ್ನೂ ಕೊಲ್ಲದೆ ಆ ಪಾಚಿಯನ್ನು ಹೋಗಲಾಡಿಸಿ ತೋರಿಸಿದರೆ, ಸಂಸಾರದೊಳಗಿದ್ದೂ ಕೈ ಶುದ್ಧ ಇಟ್ಟುಕೊಳ್ಳಬಹುದು ಎಂದು ಅವಳಿಗೆ ಮನವರಿಕೆಯಾದೀತು, ಇಲ್ಲೇ ಉಳಿದಾಳು ಎಂದು ನಂಬಿದೆ. ಈಗ ಹೇಳಿದರೆ ನಗು ಬರುತ್ತದೆ. ಆಗ ಅದು ನನ್ನ ಜೀವನ್ಮರಣದ ಪ್ರಶ್ನೆ.

ಮೊಬೈಲಿನಲ್ಲಿ ವಿಡಿಯೊ ನೋಡಲು ಕೂತೆ. ಕೆಲವು ದಿನ ಕತ್ತಲಲ್ಲಿಟ್ಟರೆ ಪಾಚಿ ಸಾಯುತ್ತದೆ ಎಂದರು. ತೊಟ್ಟಿಯ ಮೇಲೆ ಕಂಬಳಿ ಹೊದಿಸಿದೆ. ಸಂಜೆಯೊಳಗೆ ಅವಳು ಅದನ್ನು ಮಡಿಚಿ ನನ್ನ ಕೈಗಿಟ್ಟಳು. “ಕತ್ತಲಾಗ ಇಟ್ಟ ಕೊಂದ್ರೂ ಕೊಂದಂಗ ಆತಲ್ಲವ್ವಾ.” ಔಷಧಿಯ ಮಾತು ಎತ್ತುವ ಹಾಗೇ ಇರಲಿಲ್ಲ. ಕೊನೆಗೆ ಉಳಿದದ್ದು ಒಂದೇ: ಪಾಚಿಯ ಊಟವನ್ನು ಬೇರೆಯವರಿಗೆ ಬಡಿಸುವುದು. ಹೊಳೆಯಿಂದ ಅಂತರಗಂಗೆ ಗಿಡ ತಂದು ನೀರಿನ ಮೇಲೆ ತೇಲಿಬಿಟ್ಟೆ. ಅದು ನೀರಲ್ಲಿದ್ದ ಗೊಬ್ಬರವನ್ನೆಲ್ಲ ಹೀರಿತು, ಕೆಳಗೆ ನೆರಳನ್ನೂ ಮಾಡಿತು. ಹೆಚ್ಚಾದದ್ದನ್ನು ಕಿತ್ತು ಒಗೆಯದೆ ಮತ್ತೆ ಹೊಳೆಗೇ ಬಿಟ್ಟು ಬರುತ್ತಿದ್ದೆ. ದೀಪದ ಹೊತ್ತನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದೆ. ಯಜಮಾನರು ತೊಟ್ಟಿಯ ಹತ್ತಿರ ಸುಳಿದರೆ ಸಾಕು, “ಕೈ ಹಿಂದ ಕಟ್ಕೊಂಡ ನೋಡ್ರಿ” ಎಂದು ಗದರುತ್ತಿದ್ದೆ.

ದೀಪಾವಳಿ ಹತ್ತಿರ ಬರುವಷ್ಟರಲ್ಲಿ ಎಳೆಗಳು ತಾವಾಗಿಯೇ ಸವೆದವು. ಹಳೆಯ ಎಲೆಗಳ ನಡುವೆ ಕಲೆಯಿಲ್ಲದ ಹೊಸ ಎಲೆ ಎದ್ದಿತು. ಈ ಸಲ ನಾನೇ ಅವಳ ಕೈ ಹಿಡಿದು ಎಳೆದುಕೊಂಡು ಬಂದೆ.

ತುಂಬಾ ಹೊತ್ತು ಬಗ್ಗಿ ನೋಡಿದಳು. “ಭಾಳ ಛಲೋ ಆಗೇತವ್ವಾ. ಇನ್ನ ನೀನ ನೋಡ್ಕೋತಿ, ನನಗ ಚಿಂತಿ ಇಲ್ಲ” ಎಂದಳು. ಆಮೇಲೆ, ಅಪ್ಪ ಒಪ್ಪಿದ್ದಾರೆ, ಮಾತಾಜಿಯವರೂ ಒಪ್ಪಿದ್ದಾರೆ, ನಿನ್ನದೊಂದು ಮಾತು ಬೇಕು ಎಂದಳು.

ಯಜಮಾನರು ಬಾಗಿಲಲ್ಲೇ ನಿಂತಿದ್ದರು. “ಇಂಥಾ ಪುಣ್ಯಾ ಎಷ್ಟ ಮನಿಗಿ ಸಿಗತೈತಿ? ಅಡ್ಡ ಬರಬ್ಯಾಡ” ಎಂದರು. ಅವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

“ಪಾಚಿ ಮ್ಯಾಲೆ ಇಟ್ಟಷ್ಟ ಕರುಣಾನರ ಹಡದಾಕಿ ಮ್ಯಾಲೆ ಇಡಬಾರದೇನ ಯವ್ವಾ?” ಎಂದು ಕೂಗಿಬಿಟ್ಟೆ.

ಅವಳು ಹತ್ತಿರ ಬಂದು ಕೂತಳು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಆ ತಲೆಯನ್ನು ಸವರುತ್ತಲೇ ನಾನು ಹ್ಞೂಂ ಅಂದೆ. ಬೇರೆ ಏನು ಮಾಡಲಿ? ಹಿಡಿದಿಟ್ಟುಕೊಂಡಿದ್ದರೆ ನನ್ನ ಮನೆಯಲ್ಲಿ ಅವಳು ಉಸಿರಾಡುತ್ತಿರಲಿಲ್ಲ. ದೀಕ್ಷೆಯ ದಿನ ಮದುಮಗಳಂತೆ ಸಿಂಗರಿಸಿ, ಉಡಿ ತುಂಬಿ ಕಳಿಸಿದೆವು. ನಾನು ಎಣ್ಣೆ ಹಚ್ಚಿ ಬೆಳೆಸಿದ ಕೂದಲನ್ನು ಮಾತಾಜಿಯವರು ಹಿಡಿ ಹಿಡಿಯಾಗಿ ಕೈಯಿಂದಲೇ ಕಿತ್ತರು. ಅವಳು ಮುಖ ಕಿವುಚಲಿಲ್ಲ. ಬಿಳಿ ಸೀರೆಯುಟ್ಟು ಕೂತವಳಿಗೆ ನಾನು ಕೈ ಮುಗಿಯಬೇಕಾಯಿತು.

ತೊಟ್ಟಿಯನ್ನು ನಾನು ಬಿಡಲಿಲ್ಲ. ಬಿಟ್ಟರೆ ನಡುಮನೆಗೆ ಹೋಗಲು ನನಗೆ ಕಾರಣವೇ ಇರುತ್ತಿರಲಿಲ್ಲ. ಎಲೆ ಬಿಚ್ಚಿದ ದಿನ ಈಗಲೂ ಅಡುಗೆಮನೆಯ ಕಡೆ ತಿರುಗಿ ನೋಡುತ್ತೇನೆ, ಕೈ ಹಿಡಿದು ಎಳೆದು ತರಲು ಅಲ್ಲಿ ಯಾರೂ ಇರುವುದಿಲ್ಲ. ಈ ಬೇಸಿಗೆಯಲ್ಲಿ ಅನೂಬಿಯಾಸ್ ನೀರೊಳಗೇ ಒಂದು ಬಿಳಿ ಹೂ ಬಿಟ್ಟಿತು. ಅಷ್ಟು ಮಂದ ಬೆಳಕಿನಲ್ಲಿ ಅದು ಹೂ ಬಿಡುವುದು ಅಪರೂಪ. ಅದೇ ವಾರ ಮಗಳಿರುವ ಸಂಘ ಕಾಗವಾಡದ ಹತ್ತಿರದ ಒಂದು ಊರಿಗೆ ಬಂದಿದೆ ಎಂದು ಸುದ್ದಿ ಬಂತು. ಆಹಾರ ಕೊಡಲು ಇಬ್ಬರೂ ಹೊರಟೆವು.

ಮಾತಾಜಿಯರಿಗೆ ದಿನಕ್ಕೆ ಒಂದೇ ಊಟ. ತಟ್ಟೆಯಿಲ್ಲ, ಕೂತು, ಜೋಡಿಸಿದ ಬೊಗಸೆಯಲ್ಲಿ ನಾವು ಇಟ್ಟದ್ದನ್ನೇ ಉಣ್ಣಬೇಕು, ನೀರನ್ನೂ ಆಗಲೇ ಕುಡಿಯಬೇಕು. ನಡುವೆ ಕೂದಲೋ ಇರುವೆಯೋ ಕಂಡರೆ ಅಂತರಾಯ, ಅಲ್ಲಿಗೇ ಎದ್ದುಬಿಡುತ್ತಾರೆ. ಅಳುವ ದನಿ ಕಿವಿಗೆ ಬಿದ್ದರೂ ಅಷ್ಟೇ. ಮತ್ತೆ ಅನ್ನ ನೀರು ಮರುದಿನವೇ. ದಾರಿಯುದ್ದಕ್ಕೂ ಯಜಮಾನರು ನನಗೆ ಹೇಳಿದ್ದೇ ಹೇಳಿದರು: “ಅಳಬ್ಯಾಡ ಮತ್ತ. ನಿನ್ನ ಕಣ್ಣೀರಿಗಿ ಆಕಿ ಉಪಾಸ ಬೀಳತಾಳ.” ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒಳಗೆ ಹೋದೆ.

ಮಗಳು ಬಡವಾಗಿದ್ದಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ನಾನು ಒಂದು ತುತ್ತು ಇಟ್ಟೆ, ಉಂಡಳು. ಇನ್ನೊಂದು ಇಟ್ಟೆ. ನನ್ನ ಕಣ್ಣು ಒಣಗಿಯೇ ಇತ್ತು. ನೀರು ಕೊಡುವ ಸರದಿ ಯಜಮಾನರದು. ತಂಬಿಗೆ ಹಿಡಿದು ಬಗ್ಗಿದವರು ಆ ಬೊಗಸೆಯನ್ನು ನೋಡುತ್ತ ನಿಂತುಬಿಟ್ಟರು. ನೋಡುತ್ತ ನೋಡುತ್ತ, “ಯವ್ವಾ, ನಿನ್ನ ಗಿಡಾ ಹೂ ಬಿಟ್ಟೈತಿ” ಎಂದರು. ಅಷ್ಟಕ್ಕೇ ಅವರ ದನಿ ಒಡೆಯಿತು. ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಅವಳು ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಬೊಗಸೆಯನ್ನು ಬಿಡಿಸಿದಳು. ಎದ್ದು ಒಳಗೆ ಹೋದಳು.

ಕೆಂಡದಂಥ ಬಿಸಿಲು. ಗಂಟಲಿಗೆ ಒಂದು ಹನಿ ನೀರೂ ಇಳಿದಿರಲಿಲ್ಲ. ಉಣಿಸಿ ಬರುತ್ತೇವೆಂದು ಹೋದವರು ನಮ್ಮ ಕೂಸನ್ನು ಮರುದಿನದವರೆಗೆ ಬಾಯಾರಿಸಿ ಬಂದೆವು.