ಕೆಂಪು ಕಾರಿನ ಒಳಗೆ ಹಲೀಮಾಬಿ ಕಂಡದ್ದು

ಬೆಳಗಿನ ಆರು ಗಂಟೆ. ಅಣ್ಣಿಗೇರಿಯ ಹೊರಗೆ, ಗದಗ ರಸ್ತೆಯ ಬದಿಯ ಹಳೆಯ ಕಾರುಗಳ ಅಂಗಳದಲ್ಲಿ ಹಲೀಮಾಬಿ ಒಂದು ನೀಲಿ ಕಾರಿನ ಮುಂದೆ ನಿಂತಿದ್ದಾರೆ. ತಲೆಯ ಮೇಲೆ ಸೆರಗು, ಬಗಲಲ್ಲಿ ಸುತ್ತಿಟ್ಟ ಗೋಣಿಚೀಲ. ಬಲಗೈಯನ್ನು ಬಾನೆಟ್ ಮೇಲೆ ಇಟ್ಟು, ಜ್ವರ ನೋಡುವವರಂತೆ ಒಂದು ಗಳಿಗೆ ಹಾಗೇ ಇರುತ್ತಾರೆ.

"ಬೆಚ್ಚಗೈತಿ. ಯಾರೋ ಆಗಳೇ ಚಾಲೂ ಮಾಡಿ ಬಂದ್ ಮಾಡ್ಯಾರ. ಪೂರಾ ಆರಲಿ, ಆಮ್ಯಾಲೆ ನೋಡ್ತೀನಿ," ಎಂದು ಕಟ್ಟೆಯ ಮೇಲೆ ಕೂರುತ್ತಾರೆ. ಕಾರು ಕೊಳ್ಳಲು ಬಂದವರು ಗಡಿಯಾರ ನೋಡುತ್ತಾರೆ. ಹಲೀಮಾಬಿ ನೋಡುವುದಿಲ್ಲ.

ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಅನುಭವ. ಮೊದಲೇ ಕಾಯಿಸಿಟ್ಟರೆ ಹೊಗೆ, ಖಟಖಟ ಸದ್ದು, ಎಲ್ಲ ಅಡಗಿಬಿಡುತ್ತವೆ. ಅದಕ್ಕೇ ಅವರ ಕೆಲಸವೆಲ್ಲ ಬಿಸಿಲೇರುವ ಮೊದಲು. ಹಳೆಯ ಕಾರು ಕೊಳ್ಳುವವರು ಅವರನ್ನು ಜೊತೆಗೆ ಕರೆದೊಯ್ಯುತ್ತಾರೆ. ತಗೊಳ್ಳಬಹುದೋ ಬಿಡಬೇಕೋ ಅವರು ಹೇಳುತ್ತಾರೆ. ಬೋರ್ಡಿಲ್ಲ, ಅಂಗಡಿಯಿಲ್ಲ. ನವಲಗುಂದದಿಂದ ಕುಂದಗೋಳದವರೆಗೆ ಅವರ ಫೋನ್ ನಂಬರು ಬಾಯಿಂದ ಬಾಯಿಗೆ ಓಡಾಡುತ್ತದೆ. ವಾರಕ್ಕೆ ಎಂಟು ಹತ್ತು ಗಾಡಿ. ಅದರಲ್ಲಿ "ತಗೋರಿ" ಅನ್ನಿಸಿಕೊಳ್ಳುವವು ಎರಡೋ ಮೂರೋ. ಗಾಡಿ ದೊಡ್ಡದಿರಲಿ ಸಣ್ಣದಿರಲಿ, ಕೂಲಿ ಐದುನೂರು ರೂಪಾಯಿ.

ನಲವತ್ತೊಂಬತ್ತು ವರ್ಷದ ಹಲೀಮಾಬಿ ಯಾವ ತರಬೇತಿಗೂ ಹೋದವರಲ್ಲ. ಮದುವೆಯಾಗಿ ಬಂದಾಗ ಗಂಡ ದಾವೂದಸಾಬರು ತಮ್ಮ ಶೆಡ್ಡಿನಲ್ಲಿ ಕಾರಿಗೆ ಬಣ್ಣ ಹೊಡೆಯುತ್ತಿದ್ದರು. ಪೆಟ್ಟು ಬಿದ್ದ ಜಾಗಕ್ಕೆ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಹಾಕಿ ಉಜ್ಜುಕಾಗದದಿಂದ ತಿಕ್ಕಿ ನುಣುಪು ಮಾಡುವ ಕೆಲಸ ಹೆಂಡತಿಯ ಪಾಲಿಗೆ ಬಂತು.

"ಇಪ್ಪತ್ತೆಂಟು ವರ್ಷ ತಿಕ್ಕೇನ್ರಿ. ಬೆರಳಿನ ಗೆರಿ ಎಲ್ಲಾ ಸವದು ಹೋಗ್ಯಾವ. ರೇಶನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿದ್ರ ಮಷಿನ್ ನನ್ನ ಮನಶಾಳಂತ ಒಪ್ಪೂದ ಇಲ್ಲ," ಎಂದು ನಗುತ್ತಾರೆ. ಆ ಸವೆದ ಬೆರಳುಗಳಿಗೇ ಕಾರಿನ ಮೈಮೇಲೆ ಎಲ್ಲಿ ಪುಟ್ಟಿ ಇದೆ, ಎಲ್ಲಿ ಬರೀ ತಗಡಿದೆ ಎಂದು ಕತ್ತಲಲ್ಲೂ ತಿಳಿಯುತ್ತದೆ. ಬಣ್ಣದ ಹೊಗೆ ಕುಡಿದು ದಾವೂದಸಾಬರ ಎದೆ ಕೆಟ್ಟ ಮೇಲೆ ಶೆಡ್ಡಿನ ಕೆಲಸ ಕಡಿಮೆಯಾಯಿತು. ಗಾಡಿ ನೋಡಿಕೊಡುವ ಕೆಲಸ ಆಗ ಶುರುವಾದದ್ದು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಶಲವಡಿಯ ಈರಬಸಪ್ಪ ಮಗಳನ್ನು ಕರೆದುಕೊಂಡು ಇದೇ ಅಂಗಳಕ್ಕೆ ಬಂದರು. ಅವರದು ಬೀಜ ಗೊಬ್ಬರದ ವ್ಯಾಪಾರ. ಸ್ವತಃ ಕಾರು ಓಡಿಸಲು ಬಾರದು. ಮಗಳು ಮಹಾನಂದಾಳಿಗೆ ಹದಿನೆಂಟು ತುಂಬಿ, ಲೈಸನ್ಸ್ ಬಂದು ಮೂರು ವಾರವಾಗಿತ್ತು. ಅವಳಿಗೆ ಬೇಕಾದದ್ದು ಅಲ್ಲಿದ್ದ ಒಂದೇ ಗಾಡಿ: ಕೆಂಪು ಬಣ್ಣ, ನೆಲಕ್ಕೆ ಹತ್ತಿದಂಥ ಮೈ, ಹಿಂದೊಂದು ರೆಕ್ಕೆ, ಅಗಲ ಗಾಲಿ, ಗುಡುಗುವ ಸೈಲೆನ್ಸರ್.

"ಆಂಟಿ, ಇದು ಹತ್ತು ಸೆಕೆಂಡಿನಾಗ ನೂರು ಮುಟ್ತೈತಿ!" ಎಂದಳು ಹುಡುಗಿ.

"ಹೌದನವಾ? ಬಾನೆಟ್ ತಗಿ, ಅದರ ಹೊಟ್ಟಿ ನೋಡೂಣು."

ಮಹಾನಂದಾ ಒಳಗೆ ಕೂತು ಏನೋ ಎಳೆದಳು. ಹಿಂದೆ ಪೆಟ್ರೋಲ್ ಮುಚ್ಚಳ ಟಪ್ಪನೆ ತೆರೆಯಿತು. ಅಪ್ಪ ನಕ್ಕುಬಿಟ್ಟರು. ಹಲೀಮಾಬಿ ನಗಲಿಲ್ಲ.

"ನನಗಾದ್ರ ಸ್ಟೇರಿಂಗ್ ಒಂದ ಕಡಿ ಎಳದ್ರ ಗೊತ್ತಾಗತೈತಿ, ಗಾಡಿ ನಿಲ್ಲಸ್ತೀನಿ. ಆ ಕೂಸಿಗೆ ಹಂಗಲ್ರಿ, ರಸ್ತಾನ ಹಿಂಗೈತಿ ಅಂದ್ಕೊಂಡು ಹೊಂಟಬಿಡತಾಳ. ಜೋರ ಓಡೂ ಗಾಡಿ ಬೇಕಂತ ಆಸಿ ಪಡೂದು ತಪ್ಪಲ್ಲ. ಆದ್ರ ಅಂಥಾವ್ರ ಗಾಡಿ ನಾ ಎರಡೆರಡು ಸಲ ನೋಡ್ತೀನಿ," ಎನ್ನುತ್ತಾರೆ ಈಗ ಆ ದಿನವನ್ನು ನೆನೆದು.

ಮೊದಲ ಸಲ ನೋಡಿದಾಗ ಕಾರಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಎಂಜಿನ್ ತಣ್ಣಗಿತ್ತು, ಒಂದೇ ಏಟಿಗೆ ಚಾಲೂ ಆಯಿತು, ಹೊಗೆಯಿಲ್ಲ. ಆಯಿಲ್ ಸ್ವಚ್ಛ, ಟೈರು ಹೊಸವು. ಬೆರಳಿಗೆ ಅಲ್ಲಲ್ಲಿ ಪುಟ್ಟಿ ಸಿಕ್ಕಿತು, ಹಳೆಯ ಗಾಡಿಗೆ ಅಷ್ಟು ಇರುವುದೇ. ಅಂಗಳದ ಮಾಲೀಕ ಭೀಮಶಿ ಮೀಸೆ ತಿರುವುತ್ತ, "ಹೇಳಿದ್ನಿಲ್ಲಕ್ಕಾ, ಬಂಗಾರದಂಥಾ ಗಾಡಿ ಐತಿ," ಎಂದ. ಹಲೀಮಾಬಿಯ ಬಾಯಲ್ಲೂ "ತಗೋರಿ" ಎಂಬ ಮಾತು ಬಂದೇ ಬಿಟ್ಟಿತ್ತು.

ಎರಡನೆಯ ಸಲ ಚಾವಿ ತಿರುವಿ ಸ್ಟೇರಿಂಗ್ ಹಿಂದಿನ ಎಚ್ಚರಿಕೆಯ ದೀಪಗಳನ್ನು ನೋಡಿದರು. ಎಲ್ಲ ದೀಪ ಹತ್ತಿ ಆರಿದವು; ಏರ್‌ಬ್ಯಾಗಿನ ದೀಪ ಮಾತ್ರ ಹತ್ತಲೇ ಇಲ್ಲ. ಏರ್‌ಬ್ಯಾಗ್ ಕೆಟ್ಟದ್ದು ತಿಳಿಯದಿರಲೆಂದು ಯಾರೋ ಬಲ್ಬ್ ಕಿತ್ತಿದ್ದರು. ಕೆಳಗಿಳಿದು ಗಾಜಿನ ಮೂಲೆಯಲ್ಲಿ ಬರೆದ ಇಸವಿ ಓದಿದರು. ಮುಂದಿನ ಗಾಜು ಹದಿನಾಲ್ಕನೇ ಇಸವಿಯದು, ಕಾರಿನ ಕಾಗದದಲ್ಲಿ ಇದ್ದಂತೆ. ಹಿಂದಿನದು ಹನ್ನೊಂದನೆಯದು.

"ಒಡದಿರಬೇಕ್ರಿ, ಬದಲಿ ಹಾಕ್ಯಾರ," ಎಂದ ಭೀಮಶಿ.

"ಬದಲಿ ಹಾಕಿದ್ರ ಹೊಸಾದು ಬರಬೇಕಿತ್ತಲ್ಲೋ ಭೀಮಶಿ. ಗಾಡಿಗಿಂತ ಹಳೇದು ಹೆಂಗ ಬಂತು?"

ಹಲೀಮಾಬಿ ಮುಂದಿನ ಎಡ ಸೀಟನ್ನು ಹಿಂದೆ ಸರಿಸಿ, ಅದರ ಕೆಳಗಿನ ಕಾರ್ಪೆಟ್ಟಿನ ಅಂಚಿಗೆ ಬೆರಳು ಹಾಕಿ ಎಳೆದರು. ಅಂಟಿಸಿದ್ದು ಪರ್ರೆಂದು ಕಿತ್ತು ಬಂತು.

ಈ ಬಾಗಿಲಿನಿಂದ ಆ ಬಾಗಿಲಿನವರೆಗೆ, ಕಾರಿನ ನೆಲಕ್ಕೆ ಅಡ್ಡಲಾಗಿ ಒಂದು ವೆಲ್ಡಿಂಗ್ ಗೆರೆ ಹಾದುಹೋಗಿತ್ತು. ಗೋಣಿಚೀಲದ ಬಾಯಿ ಹೊಲಿದಂತೆ ಗಂಟುಗಂಟು. ನಡುನಡುವೆ ಬೆಸುಗೆ ಬಿಟ್ಟಲ್ಲಿ ಕೆಳಗಿನ ಜಲ್ಲಿಕಲ್ಲು ಕಾಣುತ್ತಿತ್ತು.

"ಏನಿದು ಹಲೀಮಕ್ಕಾ?" ಈರಬಸಪ್ಪ ಹತ್ತಿರ ಬಂದು ಬಗ್ಗಿದರು.

"ಇದು ಒಂದ ಗಾಡಿ ಅಲ್ರೀ ಅಣ್ಣಾರ. ಎರಡು. ಹಿಂದ ಜಜ್ಜಿದ್ದೊಂದು, ಮುಂದ ಜಜ್ಜಿದ್ದೊಂದು. ಚಲೋ ಇದ್ದ ಎರಡೂ ಅರ್ಧ ಕೊಯ್ದು ಕೂಡಿಸ್ಯಾರ. ಜೋರ ಓಡುವಾಗ ಎಲ್ಲೆರ ಬಡದ್ರ ಇಲ್ಲೇ ಬಿಚ್ಚಕೊಂತೈತಿ."

ಡ್ರೈವರ್ ಸೀಟಿನಲ್ಲಿ ಮತ್ತೆ ಹೋಗಿ ಕೂತಿದ್ದ ಮಹಾನಂದಾ ಹಾವು ಮೆಟ್ಟಿದವಳಂತೆ ಹೊರಗೆ ಹಾರಿದಳು. ಒಂದು ಚಪ್ಪಲಿ ಒಳಗೇ ಉಳಿಯಿತು. ಅದನ್ನು ತೆಗೆದುಕೊಳ್ಳಲು ಅವಳು ಮತ್ತೆ ಕೈ ಹಾಕಲಿಲ್ಲ. ಭೀಮಶಿ ಓಡಿ ಬಂದು ಆ ಗೆರೆಯ ಮೇಲೆ ಬೆರಳು ಆಡಿಸಿದ. "ನನ್ನ ಮಕ್ಕಳಾಣಿ, ನನಗ ಗೊತ್ತಿಲ್ಲಕ್ಕಾ. ನಿನ್ನೆ ಮೊನ್ನೆ ಎರಡೂ ಕೂಸು ಇದರಾಗ ಕುಂಡ್ರಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದೇನಿ," ಎಂದು ತಲೆಯ ಮೇಲೆ ಕೈ ಹೊತ್ತ.

ಮೇಲ್ಭಾಗದಲ್ಲಿ ಬೆಸುಗೆ ಎಲ್ಲಿದೆ ಎಂದು ನೋಡಲು ಹಲೀಮಾಬಿ ಡ್ರೈವರ್ ಬಾಗಿಲಿನ ಕಂಬದ ಮೇಲಿನ ರಬ್ಬರ್ ಪಟ್ಟಿಯನ್ನು ಸರಿಸಿದರು. ಅಲ್ಲಿ, ಕೆಂಪು ಬಣ್ಣದಲ್ಲಿ, ಒಂದು ಹೆಬ್ಬೆಟ್ಟಿನ ಗುರುತಿತ್ತು. ಗೆರೆಗಳೇ ಇಲ್ಲದ ನುಣುಪು ಹೆಬ್ಬೆಟ್ಟು. ನಡುವೆ ಓರೆಯಾಗಿ ಒಂದು ಗಾಯದ ಕಲೆ.

ಬಣ್ಣ ಒಣಗಿತೋ ಇಲ್ಲವೋ ಎಂದು ಯಾರ ಕಣ್ಣಿಗೂ ಬೀಳದ ಆ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ನೋಡುವುದು ಹಲೀಮಾಬಿಯದೇ ರೂಢಿ. ತಗಡು ಕೊಯ್ದ ಆ ಕಲೆಯೂ ಅವರದೇ.

ರಬ್ಬರನ್ನು ಮರಳಿ ಒತ್ತಿಬಿಟ್ಟಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ಮಾಡಿಬಿಡಬೇಕು ಅನ್ನಿಸಿತು ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ಆಮೇಲೆ ಎಲ್ಲರನ್ನೂ ಹತ್ತಿರ ಕರೆದು, ಆ ಗುರುತಿನ ಮೇಲೆ ತಮ್ಮ ಹೆಬ್ಬೆಟ್ಟು ಇಟ್ಟು ತೋರಿಸಿದರು. "ಇದಕ್ಕ ಬಣ್ಣಾ ಹಚ್ಚಿದಾಕಿ ನಾನ ರೀ."

ಹತ್ತೊಂಬತ್ತನೇ ಇಸವಿಯಲ್ಲಿ ಹೊರ ಊರಿನ ಟಿಂಕರ್, ಕಾರಿನ ತಗಡು ಸರಿಮಾಡುವವನೊಬ್ಬ, ಬಂದು ನಾಲ್ಕು ತಿಂಗಳು ಊರಲ್ಲಿ ಬೇರೊಂದು ಶೆಡ್ ಬಾಡಿಗೆಗೆ ಹಿಡಿದಿದ್ದ. ವೆಲ್ಡಿಂಗ್ ಮುಗಿಸಿ, ಮೇಲೆ ಪುಟ್ಟಿ ಬಳಿದು, ಒಳಗೆ ಕಾರ್ಪೆಟ್ ಹಾಸಿಯೇ ಗಾಡಿಗಳನ್ನು ಇವರಲ್ಲಿಗೆ ಕಳಿಸುತ್ತಿದ್ದ. ತಿಕ್ಕುವುದು, ಬಣ್ಣ ಹೊಡೆಯುವುದಷ್ಟೇ ಇವರ ಕೆಲಸ. ಒಳಗೇನಿದೆ ಎಂದು ಕೇಳಲಿಲ್ಲ. ಆಮೇಲೆ ಅವನು ಎಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ.

ಅಂದು ಹಲೀಮಾಬಿ ಮನೆಗೆ ಹೋಗಿ ಗಂಡನಿಗೆ ಹೇಳಿದರು. ದಾವೂದಸಾಬರು ಬಹಳ ಹೊತ್ತು ಕೆಮ್ಮಿದರು. ಕೆಮ್ಮು ನಿಂತ ಮೇಲೆ, "ಅಷ್ಟು ವರ್ಷದಾಗ ಎಷ್ಟ ಮಂದಿ ಕುಂತಿರಬೇಕು ಅದರಾಗ?" ಎಂದರು. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಭೀಮಶಿ ಮರುದಿನ ಬಂದು, "ಸುದ್ದಿ ಇಲ್ಲಿಗೇ ಬಿಟ್ಟಬಿಡಕ್ಕಾ, ನಿನ್ನ ಹೆಸರೂ ಕೆಡತೈತಿ," ಎಂದು ಬೇಡಿಕೊಂಡ. ಹಲೀಮಾಬಿ ಈರಬಸಪ್ಪನವರ ಜೊತೆ ಪೊಲೀಸ್ ಠಾಣೆಗೆ ಹೋಗಿ, ಬಣ್ಣ ಹಚ್ಚಿದ್ದು ತಾನೇ ಎಂಬುದನ್ನೂ ಸೇರಿಸಿ ಹೇಳಿಕೆ ಬರೆಸಿದರು. ಕೊನೆಗೆ ಭೀಮಶಿಯೂ ಬಂದು ಸಹಿ ಹಾಕಿದ. ಇದಾದ ಮೇಲೆ ಎರಡು ಗ್ಯಾರೇಜಿನವರು ಬಣ್ಣದ ಕೆಲಸ ಕೊಡುವುದನ್ನು ನಿಲ್ಲಿಸಿದರು. ಈಗ ಅವರ ಶೆಡ್ಡಿಗೆ ಯಾವುದೇ ಗಾಡಿ ಬಂದರೂ ಕಾರ್ಪೆಟ್ ಎತ್ತಿ ನೋಡದೆ ನೀರಿನ ಬಕೆಟ್ ಮುಟ್ಟುವುದಿಲ್ಲ.

ಮಹಾನಂದಾ ಒಂದು ತಿಂಗಳು ಯಾವ ಕಾರಿನಲ್ಲೂ ಕೂರಲಿಲ್ಲ. ಹಲೀಮಾಬಿಯೇ ಫೋನ್ ಮಾಡಿ ಕರೆದರು. ನಾಲ್ಕು ಭಾನುವಾರ ಹುಡುಗಿ ಶಲವಡಿಯಿಂದ ಬಸ್ಸಿನಲ್ಲಿ ಬಂದು ಬಾನೆಟ್ ತೆಗೆಯುವುದು, ಆಯಿಲ್ ನೋಡುವುದು, ಗಾಲಿ ಬದಲಿಸುವುದು ಕಲಿತಳು. ಮೊದಲ ದಿನ ಗಾಲಿಯ ನಟ್ಟು ಬಿಚ್ಚಲು ಸ್ಪ್ಯಾನರಿನ ಮೇಲೆ ನಿಂತು ಕುಣಿಯಬೇಕಾಯಿತಂತೆ.

ಸೆಪ್ಟೆಂಬರಿನಲ್ಲಿ ಕುಂದಗೋಳದ ನಿವೃತ್ತ ಮಾಸ್ತರರೊಬ್ಬರ ಮನೆಯಂಗಳದಲ್ಲಿ ಒಂದು ಹಳದಿ ಕಾರು ಸಿಕ್ಕಿತು. ಒಬ್ಬರೇ ಓಡಿಸಿದ್ದು, ಸಣ್ಣ ಎಂಜಿನ್, ಚುರುಕು ಓಟ, ಕಚ್ಚಿ ಹಿಡಿಯುವ ಬ್ರೇಕು. ನೋಡಲೂ ಹುಡುಗರು ತಿರುಗಿ ನೋಡುವಂಥದು. ಅಲ್ಲಿ ಹಲೀಮಾಬಿ ಕೈ ಕಟ್ಟಿ ನಿಂತರು. ಬಾನೆಟ್ ಮುಟ್ಟಿದ್ದು, ದೀಪ ಎಣಿಸಿದ್ದು, ಗಾಜಿನ ಇಸವಿ ಓದಿದ್ದು, ಮೊಣಕಾಲೂರಿ ಕಾರ್ಪೆಟ್ ಎತ್ತಿದ್ದು ಎಲ್ಲ ಮಹಾನಂದಾ.

"ಆಂಟಿ, ಒಂದ ಗಾಡಿ ಐತಿ," ಎಂದಳಂತೆ ಎದ್ದು ನಿಂತು. ಮಾಸ್ತರರಿಗೆ ಆ ಮಾತೇ ಅರ್ಥವಾಗಲಿಲ್ಲ. ಈರಬಸಪ್ಪ ಕಣ್ಣೊರೆಸಿಕೊಂಡರು.

ಆದರೆ ಆ ಟಿಂಕರ್ ಕಳಿಸಿದ್ದು ಒಟ್ಟು ಮೂರು ಕಾರು. ಎರಡನೆಯದು ಕಲಘಟಗಿ ಹತ್ತಿರದ ತಂಬೂರದಲ್ಲಿ ಸಿಕ್ಕಿತು. ಮೊದಲು ಬಾಗಿಲು ಹಾಕಿಕೊಂಡ ಮಾಲೀಕರು, ಹಲೀಮಾಬಿ ಮಧ್ಯಾಹ್ನದವರೆಗೆ ಕಟ್ಟೆಯಿಂದ ಏಳದಿದ್ದಾಗ ಸೀಟು ಸರಿಸಿ ನೋಡಿದರು. ನೋಡಿದವರು ಆಮೇಲೆ ಅವರಿಗೆ ಊಟ ಹಾಕಿ ಬಸ್ಸಿಗೆ ಬಿಟ್ಟು ಬಂದರು. ಮೂರನೆಯದಕ್ಕಾಗಿ ಜಾತ್ರೆ, ಮದುವೆ, ಆಸ್ಪತ್ರೆ, ಎಲ್ಲಿ ಕಾರು ನಿಂತಿದ್ದರೂ ಅವರು ಹುಡುಕುತ್ತಲೇ ಇದ್ದಾರೆ.

ಪತ್ರಿಕೆಗೆ ಒಂದು ಫೋಟೋ ಬೇಕೆಂದರೆ ಹಲೀಮಾಬಿ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಮಾರಿ ಹಾಕಿ ಏನ ಮಾಡ್ತೀರಿ? ಆ ಜಾಗಾದಾಗ ಮೂರನೇ ಗಾಡಿ ವಿಷಯ ಬರೀರಿ. ಬೂದಿ ಬಣ್ಣ, ಐದು ಬಾಗಲಾ, ಮ್ಯಾಲೆ ಕರೀ ಪಟ್ಟಿ. ಅದನ್ನ ಇಟ್ಕೊಂಡಾವ್ರು ಇದನ್ನ ಓದಿದ್ರ ಇವತ್ತ ಚಾವಿ ಮುಟ್ಟಬ್ಯಾಡ್ರಿ ಅನ್ರಿ. ಎಷ್ಟ ದೂರ ಇದ್ರೂ ನಾನ ಬರ್ತೀನಿ."